ಹೊನ್ನು ಹಿಡಿದ ಕಾಗದ

ಓಲೆಗರಿಯಲ್ಲಿ ಕಂಟದಿಂದ ಅಕ್ಷರ ಕೊರೆದು ಮಸಿ ತೊಡೆಯುತ್ತಿದ್ದ ನಮ್ಮ ಲಿಪಿಕಾರರ ಕೆಲಸದಲ್ಲಿ ಹೊನ್ನಿಗೆ ಎಡೆ ಕಡಿಮೆ. ದಖ್ಖನಿನ ಗ್ರಂಥಗಳಲ್ಲಿ ಅದು ನೆಲೆನಿಂತದ್ದು ಕಾಗದದ ಮೇಲೆ. ಪಂಚವಟಿಯಿಂದ ಪೂರ್ವಕ್ಕೆ, ದೌಲತಾಬಾದಿನ ಬಳಿಯಿರುವ ಕಾಗಜೀಪುರ ಕೈಕಾಗದಕ್ಕೇ ಹೆಸರಾದ ಊರು.

ಮೊದಲು ಕಾಗದವನ್ನು ಉಜ್ಜಿ ನುಣುಪು ಮಾಡಬೇಕು. ಚಿನ್ನದ ರೇಕನ್ನು ಅಂಟಿನೊಡನೆ ಅರೆದು ಬಳಿಯಬೇಕು. ಒಣಗಿದ ಮೇಲೆ ನಯವಾದ ಕಲ್ಲಿನಿಂದ ತಿಕ್ಕಿದರೆ ಹೊಳಪು ಏಳುತ್ತದೆ. ಪರ್ಷಿಯಾದ ಕುರಾನ್ ಪ್ರತಿಗಳಿಗೂ ಗುಜರಾತಿನ ಜೈನ ಕಲ್ಪಸೂತ್ರಗಳಿಗೂ ಇಂತಹ ಹೊನ್ನಿನ ಮಸಿಯೇ ಕಾಂತಿ ಕೊಟ್ಟಿತು.

ಬಿಜಾಪುರದಲ್ಲಿ 1570ರಲ್ಲಿ ಸಿದ್ಧವಾದ ‘ನುಜೂಮ್ ಅಲ್-ಉಲೂಮ್’ ಚಿತ್ರಗಳಲ್ಲಿ ಚಿನ್ನ ಇಂದಿಗೂ ಮಿನುಗುತ್ತದೆ. ಆದರೆ ಆ ಗ್ರಂಥವನ್ನು ಕಾಣಲು ನಾವು ಡಬ್ಲಿನ್ನಿಗೆ ಹೋಗಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ದೇವತೆಗಳಿಗೂ ಚಿನ್ನವೇ ಆಭರಣ. ಹೊನ್ನನ್ನಿತ್ತ ಅರಸರ ಹೆಸರನ್ನು ಚರಿತ್ರೆ ಬರೆದುಕೊಂಡಿದೆ. ಅದನ್ನು ಹಿಡಿದಿಟ್ಟ ಕಾಗದವನ್ನು ಎತ್ತಿದ ಕೈಗಳನ್ನೂ ನಾವು ನೆನೆಯುವುದು ನ್ಯಾಯ.