ಸಮಕಾಲೀನ ಅಮೆರಿಕನ್ ಮಹಿಳಾ ಕಾದಂಬರಿಗಳಲ್ಲಿ ತಾಯಿ-ಮಗಳ ಸಂಬಂಧ

ತಾಯಿ-ಮಗಳ ಸಂಬಂಧವು 1970ರ ದಶಕದ ಸ್ತ್ರೀವಾದಿ ಚಳವಳಿಯ ನಂತರ ಅಮೆರಿಕದ ಲೇಖಕಿಯರು ಆಳವಾಗಿ ಶೋಧಿಸಿದ ವಸ್ತು. ತಾಯ್ತನದ ಅನುಭವವೇ ಬೇರೆ, ಪುರುಷಪ್ರಧಾನ ಸಮಾಜ ಅದರ ಮೇಲೆ ಹೇರಿದ ಕಟ್ಟುಪಾಡುಗಳೇ ಬೇರೆ ಎಂದು ವಾದಿಸಿದ ಕವಯಿತ್ರಿ ಏಡ್ರಿಯನ್ ರಿಚ್ ಅವರ 'ಆಫ್ ವುಮನ್ ಬಾರ್ನ್' (1976) ಈ ಚರ್ಚೆಗೆ ತಳಹದಿ ಹಾಕಿತು.

ಟೋನಿ ಮಾರಿಸನ್ ಅವರ 'ಬಿಲವೆಡ್' (1987) 1856ರ ಮಾರ್ಗರೆಟ್ ಗಾರ್ನರ್ ಪ್ರಕರಣದಿಂದ ಪ್ರೇರಿತವಾದುದು. ಗುಲಾಮಗಿರಿಯಿಂದ ಪಾರಾಗಿ ಬಂದ ಸೆಥೆ, ಒಡೆಯರ ಕೈಗೆ ಮತ್ತೆ ಸಿಗಬಾರದೆಂದು ಮಗಳನ್ನು ತಾನೇ ಕೊಲ್ಲುತ್ತಾಳೆ. ತಾಯಿಗೆ ಮಕ್ಕಳ ಮೇಲಿನ ಹಕ್ಕನ್ನೇ ನಿರಾಕರಿಸಿದ ವ್ಯವಸ್ಥೆಯ ಕ್ರೌರ್ಯವನ್ನು ಇಷ್ಟು ತೀವ್ರವಾಗಿ ಹಿಡಿದಿಟ್ಟ ಕೃತಿಗಳು ವಿರಳ. ಇದಕ್ಕೆ 1988ರಲ್ಲಿ ಪುಲಿಟ್ಜರ್ ಪ್ರಶಸ್ತಿ ಸಂದಿತು.

ಏಮಿ ಟಾನ್ ಅವರ 'ದಿ ಜಾಯ್ ಲಕ್ ಕ್ಲಬ್' (1989) ಸ್ಯಾನ್ ಫ್ರಾನ್ಸಿಸ್ಕೋದ ನಾಲ್ವರು ಚೀನಿ ವಲಸಿಗ ತಾಯಂದಿರು ಮತ್ತು ಅಮೆರಿಕದಲ್ಲೇ ಬೆಳೆದ ಅವರ ಹೆಣ್ಣುಮಕ್ಕಳ ಕಥನ. ತೀರಿಹೋದ ತಾಯಿಯ ಜಾಗದಲ್ಲಿ ಮಾಜಾಂಗ್ ಆಟಕ್ಕೆ ಕೂರುವ ಜಿಂಗ್-ಮೇ, ತಾಯಿ ಯುದ್ಧಕಾಲದಲ್ಲಿ ಚೀನಾದಲ್ಲಿ ಬಿಟ್ಟುಬಂದಿದ್ದ ಅಕ್ಕಂದಿರನ್ನು ಕೊನೆಗೆ ಭೇಟಿಯಾಗುತ್ತಾಳೆ.

ಎಲಿಜಬೆತ್ ಸ್ಟ್ರೌಟ್ ಅವರ 'ಮೈ ನೇಮ್ ಈಸ್ ಲೂಸಿ ಬಾರ್ಟನ್' (2016) ಕಾದಂಬರಿಯಲ್ಲಿ ಬಡತನದ ಹಳೆಯ ಗಾಯಗಳನ್ನು ಮುಟ್ಟದೆ, ಆಸ್ಪತ್ರೆಯಲ್ಲಿ ಮಗಳ ಪಕ್ಕ ಕೂತು ತಾಯಿ ಊರವರ ಸುದ್ದಿ ಹೇಳುತ್ತಾಳೆ. ತಾಯಿಯನ್ನು ತ್ಯಾಗಮೂರ್ತಿಯಾಗಿಸದೆ, ಸ್ವಂತ ಗತಕಾಲವುಳ್ಳ ಹೆಣ್ಣಾಗಿ ಕಂಡದ್ದು ಈ ಪರಂಪರೆಯ ದೊಡ್ಡ ಕೊಡುಗೆ.