ಸ್ಥಿರಾಸ್ತಿ

ನಿಲ್ಲು ಎಂಬ ಅರ್ಥದ ಸಂಸ್ಕೃತ ಧಾತು ‘ಸ್ಥಾ’. ಅದರಿಂದ ಬಂದ ‘ಸ್ಥಿರ’ದ ಜೊತೆ ‘ಆಸ್ತಿ’ ಕೂಡಿ, ಸವರ್ಣದೀರ್ಘ ಸಂಧಿಯಾಗಿ ಸ್ಥಿರಾಸ್ತಿ ಆಗಿದೆ. ನೋಂದಣಿ ಕಚೇರಿಯ ಕ್ರಯಪತ್ರಗಳಲ್ಲಿ ಇದು ಜಮೀನು, ಮನೆ, ನಿವೇಶನಗಳ ಹೆಸರು. ಇದಕ್ಕೆ ಎದುರು ಪದ ಚರಾಸ್ತಿ.

ಲೆಕ್ಕಶಾಸ್ತ್ರದಲ್ಲಿ ಅರ್ಥ ಬೇರೆ. ಇಲ್ಲಿ ಮುಖ್ಯವಾದುದು ವಸ್ತು ಅಲುಗುತ್ತದೆಯೇ ಎಂಬುದಲ್ಲ, ಅದನ್ನು ಯಾತಕ್ಕಾಗಿ ಇಟ್ಟುಕೊಂಡಿದ್ದಾರೆ ಎಂಬುದು. ಮಾರುವುದಕ್ಕಲ್ಲದೆ, ವರ್ಷಗಟ್ಟಲೆ ದುಡಿಸಿಕೊಳ್ಳಲು ಕೊಂಡದ್ದು ಸ್ಥಿರಾಸ್ತಿ. ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಹಲ್ಲರ್ ಯಂತ್ರ, ಕಟ್ಟಡ, ವೇಬ್ರಿಡ್ಜ್‌ಗಳ ಸಾಲಿಗೇ ದಿನವಿಡೀ ರಸ್ತೆಯಲ್ಲಿ ಓಡುವ ಗಿರಣಿಯ ಲಾರಿಯೂ ಸೇರುತ್ತದೆ. ಅದೇ ಲಾರಿ ಮಾರಾಟಗಾರನ ಅಂಗಳದಲ್ಲಿದ್ದಾಗ ಬರೀ ದಾಸ್ತಾನು. ನಿವೇಶನ ಮಾರುವುದನ್ನೇ ಕಸುಬು ಮಾಡಿಕೊಂಡವರಿಗೆ, ಅಲುಗಾಡದ ಆ ನೆಲ ಕೂಡ ದಾಸ್ತಾನೇ! ಕಾನೂನಿನ ಅರ್ಥವನ್ನು ಲೆಕ್ಕಪುಸ್ತಕಕ್ಕೆ ತಂದರೆ ಆಸ್ತಿ-ಹೊಣೆ ಪಟ್ಟಿಯೇ ಏರುಪೇರಾಗುತ್ತದೆ. ವಿದ್ಯಾರ್ಥಿಗಳು ಮೊದಲು ಗಮನಿಸಬೇಕಾದದ್ದು ಇದನ್ನೇ.

ಸ್ಥಿರ ಎಂದಮಾತ್ರಕ್ಕೆ ಬೆಲೆ ಸ್ಥಿರವಲ್ಲ. ಬಳಕೆಯ ಆಯುಷ್ಯಕ್ಕೆ ತಕ್ಕಂತೆ ಪ್ರತಿವರ್ಷ ಸವಕಳಿ ಕಳೆಯಬೇಕು. 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿ ಸ್ವಂತ ಬಳಕೆಯ ಲಾರಿಗೆ 8 ವರ್ಷ, ಬಾಡಿಗೆಗೆ ಓಡಿಸುವ ಲಾರಿಗೆ 6 ವರ್ಷ ಆಯುಷ್ಯ ಹೇಳುತ್ತದೆ. ಭೂಮಿಗೆ ಸಾಮಾನ್ಯವಾಗಿ ಸವಕಳಿ ಇಲ್ಲ.

ಈಚಿನ ಲೆಕ್ಕಪತ್ರ ಮಾನದಂಡಗಳು ಈ ಹೆಸರನ್ನು ಕೈಬಿಟ್ಟು ‘ಪ್ರಾಪರ್ಟಿ, ಪ್ಲಾಂಟ್ ಅಂಡ್ ಇಕ್ವಿಪ್‌ಮೆಂಟ್’ ಎನ್ನುತ್ತವೆ. ವ್ಯಾಪಾರಿಗಳ ಬಾಯಲ್ಲಿ, ತರಗತಿಗಳಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ.