ಲಿಬೆರ್ತಾದ್ ಎಂಬ ಹೆಸರು

ಸ್ಪ್ಯಾನಿಷ್ ಕಲಿಯಲೆಂದು ಹೋಗುತ್ತಿದ್ದ ಸಂಜೆಯ ತರಗತಿಯಲ್ಲಿ ಒಮ್ಮೆ ಮೇಷ್ಟ್ರು 'ಮಫಾಲ್ದಾ' ಕಾಮಿಕ್ಸಿನ ಒಂದು ಹಾಳೆ ಹಂಚಿದರು. ಅರ್ಜೆಂಟೀನಾದ ಕೀನೋ 1964ರಿಂದ 1973ರವರೆಗೆ ಬರೆದ ಸರಣಿ ಅದು. 1970ರಲ್ಲಿ ಅದರೊಳಕ್ಕೆ ಹೊಸ ಹುಡುಗಿಯೊಬ್ಬಳು ಬರುತ್ತಾಳೆ. ಉಳಿದ ಮಕ್ಕಳಿಗಿಂತ ತೀರಾ ಗಿಡ್ಡ. ಹೆಸರು ಲಿಬೆರ್ತಾದ್, ಅಂದರೆ ಸ್ವಾತಂತ್ರ್ಯ. ಆ ದೇಶದಲ್ಲಿ ಆಗ ಮಿಲಿಟರಿ ಆಳ್ವಿಕೆ. ಇದ್ದ ಸ್ವಾತಂತ್ರ್ಯ ಅಷ್ಟೇ ಗಾತ್ರದ್ದು ಅನ್ನುವುದು ತಮಾಷೆ. ನಕ್ಕೆವು. "ಇಂಥ ಹೆಸರು ನಿಜಕ್ಕೂ ಇಡ್ತಾರಾ ಸರ್?" ಎಂದು ಕೇಳಿದೆ. "ಇಡ್ತಿದ್ರು" ಅಂದರು. ಆ ಭೂತಕಾಲವೇ ನನ್ನನ್ನು ಹಿಡಿದುಕೊಂಡಿತು.

ಕನ್ನಡದಲ್ಲಿ ಸ್ವಾತಂತ್ರ್ಯ ನಪುಂಸಕಲಿಂಗ. ಸ್ಪ್ಯಾನಿಷ್‌ನಲ್ಲಿ ಅದು ಹೆಣ್ಣು. ಲ್ಯಾಟಿನ್ನಿನ 'ಲಿಬೆರ್ತಾಸ್' ಅದರ ಮೂಲ. 'ದಾದ್', 'ತಾದ್' ಎಂದು ಮುಗಿಯುವ ಭಾವನಾಮಗಳೆಲ್ಲ ಅಲ್ಲಿ ಸ್ತ್ರೀಲಿಂಗ, ಹಾಗಾಗಿ ಹುಡುಗಿಯ ಹೆಸರಾಗಲು ಅವಕ್ಕೆ ಅಡ್ಡಿಯಿಲ್ಲ. ಸೊಲೆದಾದ್, ಪಿಯೆದಾದ್, ಕಾರಿದಾದ್, ಎಲ್ಲವೂ ಇವೆ. ಕಿವಿಗೆ ಲಿಬೆರ್ತಾದ್ ಇವರ ತಂಗಿಯಂತೆಯೇ ಕೇಳುತ್ತದೆ. ಆದರೆ ಮನೆ ಬೇರೆ.

ಸ್ಪೇನಿನಲ್ಲಿ ಹೆಣ್ಣುಮಕ್ಕಳ ಹಳೆಯ ಹೆಸರುಗಳು ಬಹುಪಾಲು ಮೇರಿ ಮಾತೆಯ ಬಿರುದುಗಳು. ನಮ್ಮ ಲಲಿತಾ ಸಹಸ್ರನಾಮದಿಂದ ಹೆಸರು ಆಯ್ದುಕೊಂಡಂತೆಯೇ. ವ್ಯತ್ಯಾಸವೆಂದರೆ ಅಲ್ಲಿ ಮಾತೆಯ ಸಂಕಟಗಳೂ ಹೆಸರಾಗುತ್ತವೆ. ದೊಲೊರೆಸ್ ಎಂದರೆ ನೋವುಗಳು. ಸೊಲೆದಾದ್ ಎಂದರೆ ಒಂಟಿತನ. ಆಂಗುಸ್ತಿಯಾಸ್ ಎಂದರೆ ಯಾತನೆ. ಲೋರ್ಕಾ 1936ರಲ್ಲಿ ಬರೆದ ಬೆರ್ನಾರ್ದಾ ಆಲ್ಬಾಳ ಮನೆಯ ನಾಟಕದಲ್ಲಿ ತಾಯಿಯ ಕಾವಲಿನಲ್ಲಿ ಬಂದಿಯಾದ ಐವರು ಹೆಣ್ಣುಮಕ್ಕಳಲ್ಲಿ ಒಬ್ಬಳು ಆಂಗುಸ್ತಿಯಾಸ್, ಇನ್ನೊಬ್ಬಳು ಮಾರ್ತಿರಿಯೊ, ಅಂದರೆ ಬಲಿದಾನ. ಇವೆಲ್ಲ ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಮಗಳನ್ನು ನೋವು ಎಂದು ಕರೆಯಬಹುದಾಗಿದ್ದ ಊರಿನಲ್ಲಿ ಸ್ವಾತಂತ್ರ್ಯ ಎಂದು ಕರೆಯುವುದಕ್ಕೆ ಎದೆಗಾರಿಕೆ ಬೇಕಿತ್ತು.

ಅದನ್ನು ತೋರಿಸಿದವರು ಗಣರಾಜ್ಯವಾದಿಗಳು, ಅರಾಜಕತಾವಾದಿಗಳು, ಬಾರ್ಸಿಲೋನಾ, ವಲೆನ್ಸಿಯಾ ಕಡೆಯ ಕಾರ್ಮಿಕರು. ಚರ್ಚನ್ನು ಜಮೀನ್ದಾರರ ಪಕ್ಕದ ಕುರ್ಚಿಯಲ್ಲಿ ಕಂಡವರು ಮಕ್ಕಳಿಗೆ ಸಂತರ ಹೆಸರು ಬೇಡವೆಂದರು. 1870ರ ಕಾನೂನಿನಿಂದ ಸರ್ಕಾರಿ ಜನನ ನೋಂದಣಿ ಬಂದಿತ್ತು. ಪಾದ್ರಿಯ ಪುಸ್ತಕದ ಹೊರಗೂ ಮಗು ಹುಟ್ಟಬಹುದಾಗಿತ್ತು ಎನ್ನಿ. ವಲೆನ್ಸಿಯಾದ ಚೇರಾ ಎಂಬ ಊರಿನ ರೋದೆನಾಸ್ ಕುಟುಂಬವನ್ನೇ ನೋಡಿ: ಮಗಳು ಲಿಬೆರ್ತಾದ್, ಗಂಡುಮಕ್ಕಳಲ್ಲಿ ಒಬ್ಬ ಪ್ರೊಗ್ರೆಸೊ, ಅಂದರೆ ಪ್ರಗತಿ, ಇನ್ನೊಬ್ಬ ವೋಲ್ನಿ, ಸಾಮ್ರಾಜ್ಯಗಳ ಅವಶೇಷಗಳ ಬಗ್ಗೆ ಬರೆದ ಫ್ರೆಂಚ್ ಲೇಖಕನ ಹೆಸರು. ಊಟಕ್ಕೆ ಕರೆದರೆ ಒಂದು ಪ್ರಣಾಳಿಕೆ ಓದಿದಂತೆ! ಈ ಲಿಬೆರ್ತಾದ್ ಹೆಸರಿಗೆ ತಕ್ಕಂತೆ ಬೆಳೆದಳು. ವೇದಿಕೆಗಳಲ್ಲಿ ಮಾತನಾಡಿದಳು, 1936ರಲ್ಲಿ ಅಂತರ್ಯುದ್ಧ ಶುರುವಾದಾಗ ಆರಗೋನಿನ ರಣರಂಗಕ್ಕೂ ಹೋದಳು. ಅದೇ ವರ್ಷ ಸ್ಪೇನಿನ ಮೊದಲ ಮಹಿಳಾ ಮಂತ್ರಿಯಾದ ಫೆದೆರಿಕಾ ಮೊಂತ್ಸೆನಿ ಮಗಳಿಗೆ ವೀದಾ (ಜೀವನ) ಎಂದೂ ಆಮೇಲೆ ಹುಟ್ಟಿದ ಮಗನಿಗೆ ಎಮಿಲ್ ಜೋಲಾನ ಕಾದಂಬರಿಯ ನೆನಪಿನ ಜೆರ್ಮಿನಾಲ್ ಎಂದೂ ಹೆಸರಿಟ್ಟಿದ್ದಳು.

ವಲಸೆ ಹೋದವರ ಜೊತೆ ಹೆಸರೂ ಸಮುದ್ರ ದಾಟಿತು. ಲ್ಯಾಟಿನ್ ಅಮೆರಿಕದಲ್ಲಿ ಈ ಹೆಸರನ್ನು ಮನೆಮಾತಾಗಿಸಿದವಳು ಗಾಯಕಿ, ನಟಿ ಲಿಬೆರ್ತಾದ್ ಲಾಮಾರ್ಕ್. 1908ರಲ್ಲಿ ಅರ್ಜೆಂಟೀನಾದ ರೊಸಾರಿಯೊದಲ್ಲಿ ಹುಟ್ಟಿದವಳು. ಅಪ್ಪ ತಗಡು ಕೆಲಸದವ, ಅರಾಜಕತಾವಾದಿ. ಮಗಳು ಹುಟ್ಟಿದಾಗ ಅವನು ಜೈಲಿನಲ್ಲಿದ್ದ, ಅದಕ್ಕೇ ಆ ಹೆಸರು ಎಂದು ಹೇಳುತ್ತಾರೆ. ಕೇಳಿದಾಗ ನನಗೆ ಮೊದಲು ಹೊಳೆದದ್ದು ಇದು: ಅದು ಮಗುವಿನ ಬಗೆಗಿನ ಆಸೆಯಲ್ಲ, ಅಪ್ಪನ ಅರ್ಜಿ. ಅದನ್ನು ಹೊತ್ತುಕೊಂಡು ಜೀವನ ಪೂರ್ತಿ ತಿರುಗಬೇಕಾದವಳು ಮಗಳು. ಇದು ಸರಿಯೇ ಎಂದು ಆಗಾಗ ಕೇಳಿಕೊಂಡಿದ್ದೇನೆ. ಆದರೆ ದೊಲೊರೆಸ್‌ಳನ್ನೂ ಯಾರೂ ಕೇಳಿ ಹೆಸರಿಡಲಿಲ್ಲವಲ್ಲ.

ಹೈದರಾಬಾದಿನ ಓದುಗರಿಗೆ ಮಲ್ಲು ಸ್ವರಾಜ್ಯಂ ನೆನಪಾಗಬಹುದು. 1931ರಲ್ಲಿ ಹುಟ್ಟಿದ ಆ ಮಗುವಿಗೆ ಗಾಂಧಿಯ ಕರೆಗೆ ಓಗೊಟ್ಟ ಬಂಧುಗಳು ಸ್ವರಾಜ್ಯಂ ಎಂದು ಹೆಸರಿಟ್ಟರು. ಅವಳು ಮುಂದೆ ಬಂದೂಕು ಹಿಡಿದು ತೆಲಂಗಾಣ ಹೋರಾಟಕ್ಕೆ ಇಳಿದಳು. ಆದರೆ ಅವಳ ಹೆಸರನ್ನು ಯಾವ ಸರ್ಕಾರವೂ ಅಳಿಸಲಿಲ್ಲ.

ಸ್ಪೇನಿನಲ್ಲಿ ಅಳಿಸಿದರು. ಫ್ರಾಂಕೋನ ಕಡೆಯವರು ಯುದ್ಧ ಮುಗಿಯುವ ಮೊದಲೇ, 1938ರ ಮೇ ತಿಂಗಳಲ್ಲಿ, ಹೆಸರುಗಳು ಕಾಸ್ತಿಲಿಯನ್ ಭಾಷೆಯಲ್ಲೇ ಇರಬೇಕೆಂದು ಆದೇಶ ಹೊರಡಿಸಿದರು. ಬಾಸ್ಕ್, ಕತಲಾನ್ ಹೆಸರುಗಳಿಗೆ ಬಾಗಿಲು ಮುಚ್ಚಿತು. 1939ರ ಮಾರ್ಚಿನಲ್ಲಿ ಇನ್ನೊಂದು ಆದೇಶ: ಆಡಳಿತಕ್ಕೆ ಒಗ್ಗದ ಹೆಸರುಗಳನ್ನು ತಂದೆತಾಯಿ 60 ದಿನದೊಳಗೆ ಬದಲಿಸಬೇಕು, ಇಲ್ಲದಿದ್ದರೆ ನೋಂದಣಿ ಅಧಿಕಾರಿಯೇ ಯಾವುದಾದರೂ ಸಂತರ ಹೆಸರು ಬರೆದುಬಿಡುತ್ತಾನೆ. ಲಿಬೆರ್ತಾದ್ ಕಾಸ್ತಿಲಿಯನ್ ಶಬ್ದವೇ, ವ್ಯಾಕರಣದಲ್ಲಿ ತಪ್ಪೇನಿಲ್ಲ. ಅರ್ಥವೇ ಅಪರಾಧ. ಸೋತವರ ಮನೆಯಲ್ಲಿ ಎಷ್ಟೋ ಹುಡುಗಿಯರಿಗೆ ಕಾಗದದಲ್ಲಿ ಮರಿಯಾ, ಒಳಮನೆಯಲ್ಲಿ ಮಾತ್ರ ಲಿಬೆರ್ತಾದ್. ಮನೆ ಹೆಸರು, ಶಾಲೆ ಹೆಸರು ಎಂದು ಎರಡಿಟ್ಟುಕೊಂಡು ಬೆಳೆದ ನಮಗೆ ಇದು ಹೊಸದಲ್ಲ. ಆದರೆ ನಮ್ಮ ಮನೆ ಹೆಸರನ್ನು ಬೀದಿಯಲ್ಲಿ ಕೂಗಲು ಅಮ್ಮ ಹೆದರುತ್ತಿರಲಿಲ್ಲ.

ವಿಚಿತ್ರವೆಂದರೆ, ಫ್ರಾಂಕೋ ಕಡೆಯವರು ಕಂಡರೆ ಉರಿದುಬೀಳುತ್ತಿದ್ದ ಕಮ್ಯುನಿಸ್ಟ್ ನಾಯಕಿ ಇಬಾರ್ರುರಿಯ ಹೆಸರು ದೊಲೊರೆಸ್. ಸಂತರ ಪಟ್ಟಿಗೆ ಅಪ್ಪಟವಾಗಿ ಹೊಂದುವ ಹೆಸರು!

ಫ್ರಾಂಕೋ 1975ರಲ್ಲಿ ಸತ್ತ. 1977ರ ಜನವರಿಯ ಕಾನೂನು ಸ್ಪೇನಿನ ಎಲ್ಲ ಭಾಷೆಗಳ ಹೆಸರುಗಳಿಗೂ ದಾರಿ ತೆರೆಯಿತು. ಬಾಸ್ಕ್, ಕತಲಾನ್ ಹೆಸರುಗಳು ನುಗ್ಗಿ ಬಂದವು. ಲಿಬೆರ್ತಾದ್ ಹಾಗೆ ಬರಲಿಲ್ಲ. ಇಂದಿಗೂ ಆ ದೇಶದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಹೆಸರು ಮರಿಯಾ ಕಾರ್ಮೆನ್, ಆರು ಲಕ್ಷದ ಆಸುಪಾಸು. ಲಿಬೆರ್ತಾದ್ ಪಟ್ಟಿಯಲ್ಲಿ ಎಲ್ಲೋ ಕೆಳಗೆ. ನನಗನ್ನಿಸುವುದು, ಭಾಷೆಯ ಹೆಸರುಗಳನ್ನು ಉಳಿಸಿಕೊಳ್ಳಲು ಊರೂರೇ ಇತ್ತು. ಈ ಹೆಸರಿನ ಹಿಂದಿದ್ದ ಸಂಘ, ಶಾಲೆ, ಸಂಜೆಯ ಸಭೆ ಎಲ್ಲವೂ ಚದುರಿಹೋಗಿದ್ದವು. ಕೀನೋನ ತಂದೆತಾಯಿಯೂ ಸ್ಪೇನಿನ ದಕ್ಷಿಣದಿಂದ ಅರ್ಜೆಂಟೀನಾಕ್ಕೆ ಬಂದವರು, ಗಣರಾಜ್ಯದ ಪರ ಇದ್ದವರು. ಆ ಹೆಸರು ಅವನ ಕಿವಿಗೆ ಎಲ್ಲಿಂದಲೋ ಬಂದದ್ದಲ್ಲ ಎಂದುಕೊಳ್ಳುತ್ತೇನೆ.

ಚೇರಾದ ಲಿಬೆರ್ತಾದ್ ರೋದೆನಾಸ್ ತನ್ನ ಊರಿಗೆ ಮರಳಲಿಲ್ಲ. ಗಡಿಪಾರಾಗಿ ಮೆಕ್ಸಿಕೋ ಸೇರಿದ್ದವಳು ಅಲ್ಲೇ 1970ರಲ್ಲಿ ತೀರಿಕೊಂಡಳು. ಕೀನೋನ ಪುಟ್ಟ ಹುಡುಗಿ ಕಾಮಿಕ್ಸಿಗೆ ಕಾಲಿಟ್ಟದ್ದೂ ಅದೇ ವರ್ಷ.